ವಿಯೆಟ್ನಾಂ ಬಿಟ್ಟು ಹೋದವರ ಮಕ್ಕಳು ಮನೆಯ ವ್ಯಾಪಾರದ ನೆಪದಲ್ಲಿ ಮತ್ತೆ ಊರಿಗೆ ಹತ್ತಿರವಾಗಬಹುದೇ? ಊರಿಗೆ ಏನಾದರೂ ಮಾಡಬಹುದೇ?

ಆಗಬಹುದು. ಆದರೆ ಕೊಡೋಕೆ ಅಂತ ಹೋಗೋದಕ್ಕಿಂತ ಕೊಳ್ಳೋಕೆ ಅಂತ ಹೋಗೋದು ವಾಸಿ. ನನ್ನ ಹೆಂಡತಿಯನ್ನು ನೋಡಿ ಹೇಳ್ತಿದ್ದೀನಿ.

ನಾನು ಸಕಲೇಶಪುರದ ಕಡೆಯ ಕಾಫಿ ತೋಟದ ಮನೆಯವನು. ಅವಳು ಹುಟ್ಟಿದ್ದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ, ಒಂದು ಲಕ್ಷಕ್ಕೂ ಹೆಚ್ಚು ವಿಯೆಟ್ನಾಮಿಗಳಿರುವ ಊರು. ಅತ್ತೆ ಮಾವನದ್ದು ಅಲ್ಲೊಂದು ಸಣ್ಣ ಕಾಫಿ ಅಂಗಡಿ.

ಮಾವನ ಊರು ಬುವೊನ್ ಮಾ ಥುವೊಟ್. ಅವರು ಇವತ್ತಿಗೂ ಹಳೇ ಹೆಸರಲ್ಲಿ 'ಬಾನ್ ಮೆ ಥುವೊಟ್' ಅಂತಲೇ ಅನ್ನೋದು. 1975ರ ಮಾರ್ಚ್‌ನಲ್ಲಿ ಆ ಊರು ಉತ್ತರ ವಿಯೆಟ್ನಾಂ ಸೈನ್ಯದ ಕೈಗೆ ಹೋದಾಗ ಅವರಿಗೆ 12 ವರ್ಷ. ಆಮೇಲೆ ದೋಣಿ, ಮಲೇಷ್ಯಾದ ಬಿಡಾಂಗ್ ದ್ವೀಪದ ಶಿಬಿರ, ಅಮೆರಿಕ. ಅದನ್ನು ಅವರು ಒಂದೇ ಮಾತಲ್ಲಿ ಮುಗಿಸ್ತಾರೆ, ನಾನೂ ಅಷ್ಟಕ್ಕೇ ಬಿಡ್ತೀನಿ. ಅವರ ಅಣ್ಣ ಅಲ್ಲೇ ಉಳಿದರು. 1986ರ ಆರ್ಥಿಕ ಸುಧಾರಣೆ ಬಂದ ಮೇಲೆ ಕಾಫಿ ಹಾಕಿದರು. ಬ್ರೆಜಿಲ್ ಬಿಟ್ಟರೆ ಜಗತ್ತಲ್ಲಿ ಹೆಚ್ಚು ಕಾಫಿ ಬೆಳೆಯೋದು ಈಗ ವಿಯೆಟ್ನಾಂ, ಅದರಲ್ಲಿ ಹೆಚ್ಚುಕಮ್ಮಿ ಎಲ್ಲವೂ ರೊಬಸ್ಟಾ ಅನ್ನೋ ಕಾಫಿ ತಳಿ. ಇಷ್ಟಿದ್ದೂ ಮಾವನ ಅಂಗಡಿಯಲ್ಲಿ ಇಳೀತಿದ್ದದ್ದು ಯಾವುದೋ ಸಗಟು ವ್ಯಾಪಾರಿಯ ಪುಡಿ!

ಅಂಗಡಿ ಹೆಂಡತಿಯ ಕೈಗೆ ಬಂದ ಮೇಲೆ ದೊಡ್ಡಪ್ಪನ ತೋಟದ ಬೀಜವನ್ನೇ ತರಿಸೋಣ ಅಂದಳು. ಡಿಸೆಂಬರ್ ಕೊಯ್ಲಿಗೆ ಇಬ್ಬರೂ ಹೋದೆವು. ಅವಳು ಮೊದಲು ಎಡವಿದ್ದು ವ್ಯವಹಾರದಲ್ಲಲ್ಲ, ಜನರನ್ನು ಕರೆಯೋದರಲ್ಲಿ. ಆ ಭಾಷೆಯಲ್ಲಿ 'ನಾನು', 'ನೀನು' ಅನ್ನೋಕೂ ಎದುರಿಗಿರುವವರು ದೊಡ್ಡವರೋ ಚಿಕ್ಕವರೋ ಗೊತ್ತಿರಬೇಕು. ಅಪ್ಪನ ಅಣ್ಣ 'ಬಾಕ್', ತಮ್ಮ 'ಚೂ'. ನಮ್ಮ ದೊಡ್ಡಪ್ಪ, ಚಿಕ್ಕಪ್ಪ ಇದ್ದ ಹಾಗೇ. ಎಲ್ಲರಿಗೂ ಅಂಕಲ್ ಅಂದು ಬೆಳೆದವಳಿಗೆ ಅದು ಕಷ್ಟ. (ದಕ್ಷಿಣದ ಮನೆಗಳಲ್ಲಿ ಚೊಚ್ಚಲ ಮಗುವನ್ನೇ 'ಎರಡನೆಯದು' ಅಂತಾರೆ. ಒಂದನೆಯದು ಇರೋದೇ ಇಲ್ಲ. ನನಗಂತೂ ತಲೆ ಕೆಟ್ಟಿತ್ತು.) ತಲೆಯೆಲ್ಲ ನೆರೆತ ದಲ್ಲಾಳಿಯೊಬ್ಬರನ್ನು ಅವಳು 'ತಮ್ಮಾ' ಅಂದುಬಿಟ್ಟಳು. ಅವರು ಸಂಜೆವರೆಗೂ ಕಂಡಕಂಡವರಿಗೆ ಹೇಳಿಕೊಂಡು ನಗ್ತಿದ್ದರು.

ನನಗೆ ಭಾಷೆ ಬರಲ್ಲ, ಕಣ ಮಾತ್ರ ಅರ್ಥವಾಯ್ತು. ಹಸಿರು, ಕೆಂಪು ಎಲ್ಲ ಒಟ್ಟಿಗೇ ಎಳೆದು ಕೊಯ್ದು ಮನೆ ಮುಂದೆ ಹರಡಿದ್ದರು. ಹಣ್ಣಾಗೋ ತನಕ ಯಾಕೆ ಕಾಯಲ್ಲ ಅಂದರೆ, ಕಳ್ಳರ ಕಾಟ, ಆಳಿನ ಕೂಲಿ, ಗೊಬ್ಬರಕ್ಕೆ ಸಾಲ ಕೊಟ್ಟ ವ್ಯಾಪಾರಿ ಬಾಗಿಲಲ್ಲಿ. ನಮ್ಮ ಕಡೆಯೂ ಇದೇ ಕಥೆ.

ಹೆಂಡತಿ ಆ ಸಲ ಊರ ಶಾಲೆಗೆ ಬ್ಯಾಗು, ಪುಸ್ತಕ ಕೊಟ್ಟಳು. ಫೋಟೋ ತೆಗೆದರು. ದೊಡ್ಡಪ್ಪ ಏನೂ ಅನ್ನಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಕೇಳಿದರು, "ಅದಿರಲಿ, ಕಾಫಿಗೆ ಎಷ್ಟು ಕೊಡ್ತೀಯಮ್ಮ?"

ಮುಂದಿನ ಬೆಳೆಯಿಂದ ಕೊಯ್ಲಿಗೆ ಮೊದಲೇ ಮುಂಗಡ ಕೊಟ್ಟೆವು, ಬರೀ ಹಣ್ಣು ಕೊಯ್ದರೆ ಕಿಲೋಗೆ ಇಷ್ಟು ಹೆಚ್ಚು ಅಂತ ಮಾತಾಡಿದೆವು. ಒಂದು ತೇವಾಂಶ ಮೀಟರ್ ಕೊಡಿಸಿದೆವು, ನೆಲ ತಾಗದಂತೆ ಒಣಗಿಸೋಕೆ ಬಲೆ ಬಿಗಿದ ಅಟ್ಟಣೆ ಹಾಕಿಸಿದೆವು. ಮೊದಲ ಸಲ ಬಂದದ್ದು 60 ಕಿಲೋದ 10 ಚೀಲ. ಕಂಟೇನರ್ ತುಂಬೋಕೆ ಸುಮಾರು 300 ಚೀಲ ಬೇಕು, ಹಾಗಾಗಿ ಬೇರೆಯವರ ಮಾಲಿನ ಜೊತೆ ಸೇರಿಸಿ ತರಿಸಿದೆವು.

2024ರಲ್ಲಿ ಅಲ್ಲಿ ದರ ಕಿಲೋಗೆ ಒಂದು ಲಕ್ಷ ಡಾಂಗ್ (ಅಲ್ಲಿನ ಹಣ) ದಾಟಿತು. ನಮ್ಮ 'ಹೆಚ್ಚಿನ ಬೆಲೆ' ಪೇಟೆಗಿಂತ ಕಮ್ಮಿಯಾಯ್ತು. ದೊಡ್ಡಪ್ಪನ ಮಗ ಅರ್ಧ ಮಾಲನ್ನು ಬೇರೆಯವರಿಗೆ ಕೊಟ್ಟುಬಿಟ್ಟ. "ಅಷ್ಟೆಲ್ಲ ಮಾಡಿದ್ವಲ್ಲ" ಅಂತ ಇವಳು ಅತ್ತಳು. ನಮ್ಮಪ್ಪನಾಗಿದ್ದರೂ ಅದನ್ನೇ ಮಾಡ್ತಿದ್ದರು ಅಂದೆ, ಎರಡು ದಿನ ನನ್ನ ಹತ್ತಿರವೂ ಮಾತಿಲ್ಲ. ಈಗ ಆಯಾ ವಾರದ ದರದ ಮೇಲೆ ಇಷ್ಟು ಅಂತ ಹೆಚ್ಚು ಕೊಡ್ತೀವಿ. ಅಣ್ಣ ತಂಗಿ ಫೋನಲ್ಲಿ ಕಿತ್ತಾಡ್ತಾರೆ. ವಾರಾಂತ್ಯದ ಭಾಷಾ ತರಗತಿಯಲ್ಲಿ ಬರದ ವಿಯೆಟ್ನಾಮಿ ಅವಳಿಗೆ ಆ ಚೌಕಾಸಿಯಲ್ಲಿ ಬಂತು.

ಮಾವ ಮಾತ್ರ ಇನ್ನೂ ಊರಿಗೆ ಹೋಗಿಲ್ಲ. ಪ್ರತಿ ವರ್ಷ "ಮುಂದಿನ ಸಲ ಅಪ್ಪನ ತಿಥಿಗೆ" ಅಂತಾರೆ. ಆದರೆ ಬೆಳಗ್ಗೆ ಎದ್ದ ಕೂಡಲೇ ಫೋನಲ್ಲಿ ನೋಡೋದು ಅವರ ಊರಿರುವ ಡಾಕ್ ಲಾಕ್ ಪ್ರಾಂತ್ಯದ ಕಾಫಿ ದರ. ಸಕಲೇಶಪುರದಲ್ಲಿ ನಮ್ಮಪ್ಪನೂ ಅಷ್ಟೇ. ಒಬ್ಬರ ಮಾತು ಇನ್ನೊಬ್ಬರಿಗೆ ಬರಲ್ಲ. ಭಾನುವಾರ ವಿಡಿಯೋ ಕಾಲ್‌ನಲ್ಲಿ ಎದುರಾದರೆ ಇಬ್ಬರೂ ಹೆಬ್ಬೆರಳು ಮೇಲೋ ಕೆಳಗೋ ತೋರಿಸ್ತಾರೆ, ಆಮೇಲೆ ಫೋನ್ ನಮ್ಮ ಕೈಗೆ ಕೊಡ್ತಾರೆ.