ಸೈನೈಡ್ ಬಗ್ಗೆ ಕೇಳಿದ್ದನ್ನೇ ಕೇಳುವವರಿಗೆ

ಹೆಣ್ಣುಮಕ್ಕಳಿಗೆ ಸೈನೈಡ್ ನುಂಗಿಸಿ ಕೊಂದ ಸೈನೈಡ್ ಮೋಹನನ ಕತೆ ಟಿವಿಯಲ್ಲಿ ಇನ್ನೊಮ್ಮೆ ಬಂದರೆ ಸಾಕು, ಮರುವಾರ ನನಗೆ ಇವೇ ಪತ್ರಗಳು. ಹಾಸನ, ಚಿಕ್ಕಮಗಳೂರಿನವರದ್ದೇ ಜಾಸ್ತಿ. ಶವಪರೀಕ್ಷೆ ಮಾಡಿದವನಾಗಿ ಒಂದು ಸಲ ಸರಿಯಾಗಿ ಉತ್ತರ ಕೊಟ್ಟುಬಿಡುತ್ತೇನೆ.

ಪ್ರಶ್ನೆ: 2009ರಲ್ಲಿ ನಮ್ಮ ಹಾಸನ ಬಸ್ ಸ್ಟ್ಯಾಂಡ್ ಶೌಚಾಲಯದಲ್ಲಿ ಬಂಟ್ವಾಳ ಕಡೆಯ ಹುಡುಗಿ ಸತ್ತಳು. ಡಾಕ್ಟರು ಅವತ್ತೇ ಸೈನೈಡ್ ಅಂತ ಹೇಳಿದ್ದರೆ ಅವನು ಸಿಗುತ್ತಿದ್ದ ಅಲ್ವಾ? (ಓದುಗರು, ಹಾಸನ)

ಉತ್ತರ: ಇಲ್ಲ. ತಪ್ಪೆಲ್ಲ ಡಾಕ್ಟರ ತಲೆಗೆ ಕಟ್ಟುವುದು ಸುಲಭ. ಆದರೆ ವಿಷ ಯಾವುದು ಅಂತ ಗೊತ್ತಾಗುವುದೇ ಬೇರೆ, ಕೊಟ್ಟವರು ಯಾರು ಅಂತ ಗೊತ್ತಾಗುವುದೇ ಬೇರೆ. ನಾವು ಒಳಾಂಗದ ಭಾಗ ತೆಗೆದು ಎಫ್‌ಎಸ್‌ಎಲ್‌ಗೆ (ವಿಧಿವಿಜ್ಞಾನ ಪ್ರಯೋಗಾಲಯಕ್ಕೆ) ಕಳಿಸುತ್ತೇವೆ. ಲ್ಯಾಬ್ ವರದಿ ಸೈನೈಡ್ ಇತ್ತು ಅನ್ನಬಹುದು. ತಾನಾಗಿ ನುಂಗಿದಳೋ, ಇನ್ನೊಬ್ಬ ನುಂಗಿಸಿದನೋ ಅನ್ನುವುದು ಅದರಲ್ಲಿ ಇರುವುದಿಲ್ಲ. ಅದು ತನಿಖೆಯ ಕೆಲಸ.

ಅವನ ಪಟ್ಟು ಇದ್ದದ್ದೇ ಅಲ್ಲಿ. ವರದಕ್ಷಿಣೆ ಬೇಡ, ಮದುವೆಯಾಗುತ್ತೇನೆ ಅಂತ ನಂಬಿಸಿ, ಒಡವೆ ಹಾಕಿಸಿಕೊಂಡು ದೂರದ ಊರಿನ ಲಾಡ್ಜಿಗೆ ಕರೆತರುತ್ತಿದ್ದ. ಮರುದಿನ ಒಡವೆ ರೂಮಿನಲ್ಲೇ ಬಿಡಿಸಿ ಬಸ್ ಸ್ಟ್ಯಾಂಡಿಗೆ ಕರೆದೊಯ್ದು, ಗರ್ಭ ನಿಲ್ಲದ ಹಾಗೆ ಮಾತ್ರೆ ಅಂತ ಕೊಟ್ಟು, ಶೌಚಾಲಯದೊಳಗೆ ನುಂಗು ಅನ್ನುತ್ತಿದ್ದ. ಆಕೆ ಒಳಗೆ ಹೋದರೆ ಇವನು ಲಾಡ್ಜಿಗೆ ವಾಪಸ್. ಒಳಗಿಂದ ಚಿಲಕ, ಮೈಮೇಲೆ ಗಾಯವಿಲ್ಲ, ಜೊತೆಗೆ ಯಾರೂ ಇಲ್ಲ. ನೋಡಿದವರಿಗೆ ಆತ್ಮಹತ್ಯೆಯ ಹಾಗೇ ಕಾಣುತ್ತದೆ. ಠಾಣೆಯಲ್ಲಿ ಯುಡಿಆರ್ (ಅಸಹಜ ಸಾವಿನ ವರದಿ), ಗುರುತು ಸಿಗದ ಹೆಣ, ಮುಗಿಯಿತು.

ಒಂದು ಹಾಸನದಲ್ಲಿ, ಇನ್ನೊಂದು ಮೈಸೂರಿನಲ್ಲಿ, ಮತ್ತೊಂದು ಮಡಿಕೇರಿಯಲ್ಲಿ. ಒಂದೊಂದು ಫೈಲು ಒಂದೊಂದು ಕಪಾಟಿನಲ್ಲಿ. ಮನೆಯವರು ಹುಡುಕಬೇಕಾದದ್ದು ದಕ್ಷಿಣ ಕನ್ನಡದಲ್ಲಿ. ಅಲ್ಲಿ ಎಷ್ಟೋ ಮನೆಯವರು ‘ಯಾರ ಜೊತೆಗೋ ಓಡಿಹೋದಳು’ ಅಂತ ಮರ್ಯಾದೆಗೆ ಅಂಜಿ ಸುಮ್ಮನಾದರು. ಹೀಗೆ 20 ಹೆಣ್ಣುಮಕ್ಕಳು. ನನಗೆ ಸಿಟ್ಟು ಬರುವುದು ವಿಷದ ಮೇಲಲ್ಲ, ಈ ಮರ್ಯಾದೆಯ ಮೇಲೆ.

ಸಿಕ್ಕಿದ್ದು ಹೇಗೆ ಗೊತ್ತಾ? ಹಾಸನದಲ್ಲಿ ಸತ್ತವಳ ಕಡೆಯವರು ಸುಮ್ಮನೆ ಕೂರಲಿಲ್ಲ. ಊರವರು ಬೀದಿಗಿಳಿದರು. ಪೊಲೀಸರು ಅವಳ ಫೋನ್ ಕರೆಗಳ ಪಟ್ಟಿ ತೆಗೆಸಿದರು. ಅದರಲ್ಲಿದ್ದ ನಂಬರು ಕಾಣೆಯಾದ ಇನ್ನೊಬ್ಬಳದ್ದು, ಅವಳ ಪಟ್ಟಿಯಲ್ಲಿ ಮತ್ತೊಬ್ಬಳದ್ದು. ಆ ಜಾಡು ಮಂಗಳೂರು ಹತ್ತಿರದ ದೇರಳಕಟ್ಟೆಗೆ ಬಂತು. 2009ರ ಅಕ್ಟೋಬರಿನಲ್ಲಿ ಪ್ರಾಥಮಿಕ ಶಾಲೆಯ ಈ ಮಾಜಿ ಮೇಷ್ಟ್ರು ಸಿಕ್ಕಿಬಿದ್ದ. 2013ರಲ್ಲಿ ಮಂಗಳೂರು ಕೋರ್ಟು ಗಲ್ಲು ವಿಧಿಸಿತು. ಹಾಸನದ ಪ್ರಕರಣದಲ್ಲಿ 2017ರಲ್ಲಿ ಹೈಕೋರ್ಟು ಅದನ್ನು ಸಾಯುವವರೆಗಿನ ಜೈಲಾಗಿ ಬದಲಿಸಿತು.

ಪ್ರಶ್ನೆ: ಸೈನೈಡ್ ತಿಂದವರ ಬಾಯಿಂದ ಬಾದಾಮಿ ವಾಸನೆ ಬರುತ್ತದಂತೆ. ನಿಮಗೆ ಬರಲಿಲ್ಲವೇ? (ಕಡೂರು)

ಉತ್ತರ: ಅದು ಕಹಿ ಬಾದಾಮಿ, ನಿಮ್ಮ ಹಾಲಿಗೆ ಹಾಕುವುದಲ್ಲ. ಆ ವಾಸನೆ ಹಿಡಿಯುವ ಶಕ್ತಿ ಎಷ್ಟೋ ಜನರ ಮೂಗಿಗೆ ಹುಟ್ಟಿನಿಂದಲೇ ಇರುವುದಿಲ್ಲ. ಸತ್ತ ಮೇಲೆ ಹೆಣದ ಚರ್ಮದಲ್ಲಿ ಮೂಡುವ ಕಲೆ ಕೆಂಪಗಿರುತ್ತದೆ ಅನ್ನುವುದೂ ಹೀಗೇ: ಇದ್ದರೆ ಅನುಮಾನ ಪಡಬೇಕು, ಇಲ್ಲದಿದ್ದರೆ ಸೈನೈಡ್ ಅಲ್ಲ ಅನ್ನುವ ಹಾಗಿಲ್ಲ.

ಪ್ರಶ್ನೆ: ನಮ್ಮ ಕಡೆ ನಾಟಿ ಪಂಡಿತರೊಬ್ಬರು ಎಲ್ಲ ವಿಷಕ್ಕೂ ಒಂದೇ ಬೇರಿನ ಪುಡಿ ಕೊಡುತ್ತಾರೆ. ಸೈನೈಡಿಗೂ ಆಗುತ್ತದಾ? (ಮೂಡಿಗೆರೆ)

ಉತ್ತರ: ಆಗುವುದಿಲ್ಲ. ಸೈನೈಡ್ ದೇಹದ ಜೀವಕೋಶಗಳು ಆಮ್ಲಜನಕ ಬಳಸದ ಹಾಗೆ ಮಾಡುತ್ತದೆ. ಅದಕ್ಕೆ ಪ್ರತಿವಿಷ ಇದೆ, ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಕೊಡಬೇಕು. ಸಿಗುವ ಸಮಯ ನಿಮಿಷಗಳದ್ದು. ಅದನ್ನೂ ಪುಡಿ ಅರೆಯುವುದರಲ್ಲಿ ಕಳೆಯುತ್ತೀರಾ? ಪಂಡಿತರಿಗೆ ಧೈರ್ಯವಿದ್ದರೆ ಬರೆದು ಸಹಿ ಹಾಕಿ ಕೊಡಲಿ.

ಪ್ರಶ್ನೆ: ಜಾತಕ ನೋಡಿಸಿದ್ದರೆ ಇವನ ಗುಣ ತಿಳಿಯುತ್ತಿರಲಿಲ್ಲವೇ? (ಬೇಲೂರು)

ಉತ್ತರ: ಇಲ್ಲ. ಮುಂದಿನ ಪ್ರಶ್ನೆ.

ಪ್ರಶ್ನೆ: ಮಗಳು ಮನೆಗೆ ಬಂದಿಲ್ಲ ಅಂದರೆ 24 ಗಂಟೆ ಕಾಯಬೇಕಂತೆ, ಹೌದಾ? (ಸಕಲೇಶಪುರ)

ಉತ್ತರ: ಯಾವ ಕಾನೂನಿನಲ್ಲೂ ಇಲ್ಲ. ಅವತ್ತೇ ಹತ್ತಿರದ ಠಾಣೆಗೆ ಹೋಗಿ. ಮೊಬೈಲ್ ನಂಬರ್, ಫೋನಿನ ಡಬ್ಬಿಯ ಮೇಲಿರುವ ಐಎಂಇಐ ನಂಬರ್ (ಆ ಫೋನಿನ ಗುರುತಿನ ಸಂಖ್ಯೆ), ಇತ್ತೀಚಿನ ಫೋಟೋ, ಹಾಕಿಕೊಂಡು ಹೋದ ಒಡವೆಯ ವಿವರ ಕೊಡಿ. ‘ಬರುತ್ತಾಳೆ ಬಿಡಿ’ ಅಂದರೆ ಎದ್ದು ಬರಬೇಡಿ. ದೂರು ಬರೆದು ಕೊಟ್ಟು, ಸ್ವೀಕೃತಿ ಕೈಗೆ ಸಿಗುವವರೆಗೂ ಅಲ್ಲೇ ಕೂತಿರಿ.