ದೀಪಾವಳಿ ಪ್ರೋಗ್ರಾಂ ನಿಮ್ದು, ಡೈರೆಕ್ಟರ್ ಕುರ್ಚಿ ಅವನದ್ದು

ನ್ಯೂಜೆರ್ಸಿಯಿಂದ ಒಬ್ರು ಬರೆದಿದ್ದಾರೆ, ಊರು ದಾವಣಗೆರೆ ಕಡೆ, ಅಲ್ಲಿ ಇನ್ಶೂರೆನ್ಸ್ ಕಂಪನಿಯಲ್ಲಿ ಸೀನಿಯರ್ ಮ್ಯಾನೇಜರ್. ಓದಿ ಮುಗಿಸೋ ಹೊತ್ತಿಗೆ ನಂಗೆ ಬಿಪಿ ಏರಿತ್ತು. ವಿಷಯ ಇಷ್ಟು: ಡೈರೆಕ್ಟರ್ ಬಿಟ್ಟು ಹೋದ್ಮೇಲೆ ಒಂದೂವರೆ ವರ್ಷ ಆ ಕೆಲಸ ಪೂರ್ತಿ ಇವ್ರೇ ಎಳೆದ್ರು, ಪೋಸ್ಟ್ ಮಾತ್ರ ಇವ್ರ ಕೈಕೆಳಗೇ ಕೆಲಸ ಕಲಿತ ಬಿಳಿ ಹುಡುಗನಿಗೆ ಹೋಯ್ತು. ಯಾಕೆ ಅಂದ್ರೆ ರಿವ್ಯೂನಲ್ಲಿ ಒಂದೇ ಲೈನು, "ಎಕ್ಸಿಕ್ಯುಟಿವ್ ಪ್ರೆಸೆನ್ಸ್ ಇನ್ನೂ ಬೆಳೀಬೇಕು." ಅಂದ್ರೆ ದೊಡ್ಡ ಅಧಿಕಾರಿಯ ಗತ್ತು ಇನ್ನೂ ಸಾಲದಂತೆ. ಈಗ 4 ಸಾವಿರ ಡಾಲರ್ ಕೊಟ್ಟು ಕೋಚಿಂಗ್ ಸೇರಿ ಇಂಗ್ಲಿಷ್ ಉಚ್ಚಾರಣೆ ತಿದ್ಕೊಳ್ಲಾ, ಇಲ್ಲಾ ಗಂಡ ಹೇಳೋ ಹಾಗೆ ಗ್ರೀನ್ ಕಾರ್ಡ್ ಬರೋವರ್ಗೂ ಸುಮ್ನಿರ್ಲಾ ಅಂತ ಕೇಳಿದ್ದಾರೆ.

ಕೋಚಿಂಗ್ ಬೇಡ. ಒಂದೂವರೆ ವರ್ಷ ಅದೇ ಉಚ್ಚಾರಣೇಲಿ ಡಿಪಾರ್ಟ್‌ಮೆಂಟ್ ನಡೆಸಿದಾಗ ಯಾರಿಗೂ ಅರ್ಥ ಆಗದೆ ಇರ್ಲಿಲ್ವಲ್ಲ?

ನನ್ನ ಕಣ್ಣಿಗೆ ಬಿದ್ದಿದ್ದು ಬೇರೆ. ಪತ್ರದ ಕೊನೇಲಿ ಸುಮ್ನೆ ಸೇರಿಸಿದ ಹಾಗಿದೆ: "ಜೊತೆಗೆ ಡೈವರ್ಸಿಟಿ ಕಮಿಟಿ, ದೀಪಾವಳಿ ಪ್ರೋಗ್ರಾಂ, ಹೊಸಬರ ಟ್ರೇನಿಂಗ್ ಎಲ್ಲಾ ನಾನೇ ನೋಡ್ಕೊಳ್ತೀನಿ, ನನ್ನ ಮೆಂಟರ್‌ಗೂ ಅದು ತುಂಬಾ ಖುಷಿ." ಖುಷಿ ಆಗ್ದೆ ಇನ್ನೇನು! ಸಮೋಸ ಎಷ್ಟು ಪ್ಲೇಟು, ವೆಜ್ ಎಷ್ಟು ವೀಗನ್ ಎಷ್ಟು ಅಂತ ನೀವು ಎಕ್ಸೆಲ್ ಶೀಟ್ ತುಂಬ್ಸ್ತಿದ್ದಾಗ ಆ ಹುಡುಗ ಬಜೆಟ್ ಮೀಟಿಂಗಲ್ಲಿ ಕೂತಿದ್ದ. ಮಿನಿಟ್ಸ್ ಬರೆಯೋದೂ ನೀವೇ ಇರ್ಬೇಕು, ನೀವು ಹೇಳಿಲ್ಲ, ನಾನೇ ಊಹಿಸ್ತಿದೀನಿ.

ಇನ್ನು ಆ ಮೆಂಟರ್. ವೈಸ್ ಪ್ರೆಸಿಡೆಂಟ್ ಅಂತೆ, ತಿಂಗಳಿಗೊಂದ್ಸಲ ಕಾಫಿ ಕುಡಿಸ್ತಾರಂತೆ, ಹೊಗಳ್ತಾರಂತೆ. ಡೈರೆಕ್ಟರ್ ಯಾರು ಅಂತ ತೀರ್ಮಾನ ಆದ ರೂಮಲ್ಲಿ ಅವ್ರೂ ಇದ್ರು ಅಂತ ನೀವೇ ಬರೆದಿದೀರಿ, ಆಮೇಲೆ ಅದನ್ನ ಅಲ್ಲೇ ಬಿಟ್ಟು ನಿಮ್ಮ ಉಚ್ಚಾರಣೆಗೆ ಹೋಗಿದೀರಿ. ನಂಗೆ ಆ ಹುಡುಗನ ಮೇಲೆ ಅಷ್ಟು ಸಿಟ್ಟಿಲ್ಲ, ಕೊಟ್ರು ತಗೊಂಡ. ಈ ಮೆಂಟರಮ್ಮ ಆ ರೂಮಲ್ಲಿ ಬಾಯಿ ಬಿಡ್ಲಿಲ್ವಲ್ಲ, ಅದಕ್ಕೆ ಸಿಟ್ಟು. ಝೆರಾಕ್ಸ್‌ನ ಅರ್ಸುಲಾ ಬರ್ನ್ಸ್ ಗೊತ್ತಲ್ಲ, ಫಾರ್ಚೂನ್ 500 ಅನ್ನೋ ಅಮೆರಿಕದ ಅತಿ ದೊಡ್ಡ ಕಂಪನಿಗಳ ಪಟ್ಟಿಯಲ್ಲಿರೋ ಕಂಪನಿಯೊಂದಕ್ಕೆ ಸಿಇಒ ಆದ ಮೊದಲ ಕಪ್ಪು ಮಹಿಳೆ, 2009ರಲ್ಲಿ. ಅವ್ರು 1980ರಲ್ಲಿ ಅಲ್ಲಿಗೆ ಬಂದಿದ್ದು ಇಂಟರ್ನ್ ಆಗಿ. ಮುಂದೆ ವೇಲ್ಯಾಂಡ್ ಹಿಕ್ಸ್ ಅನ್ನೋ ದೊಡ್ಡ ಅಧಿಕಾರಿ ಅವ್ರನ್ನ ತನ್ನ ಎಕ್ಸಿಕ್ಯುಟಿವ್ ಅಸಿಸ್ಟೆಂಟ್ ಮಾಡ್ಕೊಂಡ್ರು, ಆಮೇಲೆ ಸಿಇಒ ಪಾಲ್ ಅಲ್ಲೇರ್ ಕೂಡ ಹಾಗೇ ಮಾಡಿದ್ರು. ದೊಡ್ಡೋರು ಮಾತಾಡೋ ರೂಮಿಗೆ ಕರ್ಕೊಂಡು ಹೋದ್ರು, ಗೊತ್ತಾಯ್ತಾ? ಬರೀ ಕಾಫಿ ಕುಡಿಸಿ ಕಳಿಸ್ಲಿಲ್ಲ.

ನಿಮ್ಮೊಬ್ರದೇ ಕಥೆ ಅಂದ್ಕೋಬೇಡಿ. ಮೆಕಿನ್ಸಿ ಅನ್ನೋ ಸಲಹಾ ಕಂಪನಿ ಮತ್ತು ಹೆಂಗಸರ ಪರ ಕೆಲಸ ಮಾಡೋ ಲೀನ್‌ಇನ್‌ನವರ 2023ರ ವರದಿ ಪ್ರಕಾರ ಅಮೆರಿಕದಲ್ಲಿ 100 ಗಂಡಸರು ಮೊದಲ ಸಲ ಮ್ಯಾನೇಜರ್ ಆಗೋ ಹೊತ್ತಿಗೆ ಹೆಂಗಸರು 87 ಜನ, ಅದ್ರಲ್ಲೂ ಬಿಳಿಯರಲ್ಲದ ಹೆಂಗಸರು ಬರೀ 73. ಸಿಇಒ, ಸಿಎಫ್‌ಒ ಮಟ್ಟಕ್ಕೆ ಹೋದ್ರೆ ಇಂಥ ಹೆಂಗಸರು ನೂರರಲ್ಲಿ 6. ಇಷ್ಟೂ ಜನರ ಉಚ್ಚಾರಣೆ ಕೆಟ್ಟದ್ದಾ?

ನಿಮ್ಮ ಯಜಮಾನ್ರನ್ನ ಮಾತ್ರ ನಾನು ಬೈಯಲ್ಲ. ಗ್ರೀನ್ ಕಾರ್ಡಲ್ಲಿ ಒಂದು ದೇಶಕ್ಕೆ ವರ್ಷಕ್ಕೆ 7 ಪರ್ಸೆಂಟ್ ಅನ್ನೋ ಲಿಮಿಟ್ಟಲ್ಲಿ ನಮ್ಮವರ ಕ್ಯೂ ಕರಗೋದೇ ಇಲ್ಲ, ಮನೆ ನಿಂತಿರೋದು ನಿಮ್ಮ ಎಚ್-1ಬಿ ಕೆಲಸದ ವೀಸಾ ಮೇಲೆ, ಅವ್ರಿಗೆ ಭಯ. ಪಾಪ.

ಮಾಡೋದು ಒಂದೇ ಕೆಲಸ. ಸೋಮವಾರ ಬೆಳಿಗ್ಗೆ ಆ ಮೆಂಟರ್‌ಗೆ ಮೇಲ್ ಹಾಕಿ. ಕಾಫಿಗೆ ಹೋದಾಗ ಹೇಳ್ತೀನಿ ಅನ್ಬೇಡಿ, ಮೇಲ್‌ನಲ್ಲಿ ಇಲ್ದಿದ್ದು ಆಫೀಸಲ್ಲಿ ನಡೆದೇ ಇಲ್ಲ ಅಂತ ಈ ಅಂಕಣದಲ್ಲಿ ಬರೆದು ಬರೆದು ನಂಗೇ ಸಾಕಾಗಿದೆ. "ನಂಗೆ ಡೈರೆಕ್ಟರ್ ಪೋಸ್ಟ್ ಬೇಕು. ಒಂದೂವರೆ ವರ್ಷ ಈ ಕೆಲಸ ಮಾಡಿದೀನಿ, ಲೆಕ್ಕ ಇಲ್ಲಿದೆ. ಮುಂದಿನ ರೌಂಡಲ್ಲಿ ನನ್ನ ಹೆಸರು ನೀವು ಹೇಳ್ತೀರಾ?" ಸಾರಿ ಬೇಡ, ಸ್ಮೈಲಿ ಬೇಡ. ಹೂಂ ಅಂದ್ರೆ ಸರಿ, ಹಾರಿಕೆ ಉತ್ತರ ಬಂದ್ರೆ ಅವ್ರ ಜೊತೆ ಕಾಫಿ ನಿಲ್ಸಿ, ಬೇರೆಯವ್ರನ್ನ ಹುಡ್ಕಿ.

ಪೋಸ್ಟ್ ಸಿಗೋ ಹಾಗಿದ್ರೆ, ಒಪ್ಪಿಕೊಳ್ಳೋ ಮುಂಚೆ ನಿಮ್ಮದೇ ಒಬ್ಬ ಇಮಿಗ್ರೇಷನ್ ಲಾಯರ್ ಹತ್ರ ಕೂತು ಮಾತಾಡಿ. ಕೆಲಸದ ಸ್ವರೂಪ ತುಂಬಾ ಬದಲಾದ್ರೆ ಗ್ರೀನ್ ಕಾರ್ಡ್ ಫೈಲಿಂಗ್ ಮತ್ತೆ ಮಾಡಿಸ್ಬೇಕಾಗಬಹುದು, ಹಳೇ ಪ್ರಯಾರಿಟಿ ಡೇಟ್, ಅಂದ್ರೆ ಕ್ಯೂನಲ್ಲಿ ನಿಮ್ಮ ಜಾಗ ಹೇಳೋ ತಾರೀಕು, ಉಳಿಯುತ್ತಾ ಅಂತ ಬಾಯಿಬಿಟ್ಟು ಕೇಳಿ. ಯಜಮಾನ್ರನ್ನೂ ಕರ್ಕೊಂಡು ಹೋಗಿ.