ಕ್ಲೈಮ್ ಹಾಕಿಬಿಟ್ಟೆ, ಈಗ ಬೇಡ ಅನ್ನಿಸ್ತಿದೆ. ವಾಪಸ್ ತೆಗೆದುಕೊಳ್ಳಬಹುದಾ?

ಪ್ರಶ್ನೆ: ನನ್ನದು 1200 ಸಿಸಿ ಪೆಟ್ರೋಲ್ ಕಾರು. ನಾಲ್ಕು ವರ್ಷ ತುಂಬಿ ಐದನೆಯದು ನಡೀತಿದೆ. ಇದುವರೆಗೆ ಒಂದೂ ಕ್ಲೈಮ್ ಮಾಡಿಲ್ಲ. ಹೋದ ವಾರ ನಮ್ಮದೇ ಗೇಟಿನ ಕಂಬಕ್ಕೆ ಉಜ್ಜಿ ಮುಂದಿನ ಬಂಪರ್ ಸೀಳಿತು, ಎಡಗಡೆ ಬಾಗಿಲು ನೆಗ್ಗಿತು. ಗಾಬರಿಯಲ್ಲಿ ಅವತ್ತೇ ಇನ್ಶೂರೆನ್ಸ್ ಕಂಪನಿಗೆ ಫೋನ್ ಮಾಡಿ ಕ್ಲೈಮ್ ಹಾಕಿದೆ. ಸರ್ವೇಯರ್ ಬಂದು ಫೋಟೊ ತೆಗೆದುಕೊಂಡು ಹೋದರು. ಗ್ಯಾರೇಜಿನವರ ಎಸ್ಟಿಮೇಟ್ 14,000 ರೂಪಾಯಿ. ಕೆಲಸ ಇನ್ನೂ ಶುರುವಾಗಿಲ್ಲ. ಮುಂದಿನ ತಿಂಗಳು ರಿನ್ಯೂವಲ್. ‘ಸುಮ್ನೆ ಬೋನಸ್ ಕಳ್ಕೊಂಡೆ’ ಅಂತ ನಮ್ಮ ಭಾವ ಬೈಯುತ್ತಿದ್ದಾರೆ. ಕ್ಲೈಮ್ ವಾಪಸ್ ತೆಗೆದುಕೊಂಡರೆ ಏನಾದರೂ ತೊಂದರೆ ಆಗುತ್ತಾ?
– ಓದುಗರು, ತಿಪಟೂರು

ಉತ್ತರ: ತೆಗೆದುಕೊಳ್ಳಬಹುದು. ದಂಡ ಇಲ್ಲ, ಕೇಸೂ ಇಲ್ಲ. ಸರ್ವೇಯರ್ ಬಂದುಹೋದರಲ್ಲ, ಅವರ ಫೀಸು ಕಟ್ಟಬೇಕೇನೋ ಎಂದು ತುಂಬಾ ಜನ ಹೆದರುತ್ತಾರೆ. ಅದು ಕಂಪನಿಯ ಖರ್ಚು, ನಿಮ್ಮದಲ್ಲ. ನೋಡಬೇಕಾದ್ದು ಒಂದೇ: ಕಂಪನಿ ಇನ್ನೂ ದುಡ್ಡು ಕೊಟ್ಟಿರಬಾರದು. ಒಂದು ಸಲ ದುಡ್ಡು ಕೊಟ್ಟರೆ ಬೋನಸ್, ಅಂದರೆ ಕ್ಲೈಮ್ ಮಾಡದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಹೋದ ಹಾಗೇ.

ನಿಮ್ಮ ಭಾವ ಹೇಳಿದ್ದು ಸರಿಯೋ ಅಲ್ಲವೋ, ಲೆಕ್ಕ ಹಾಕಿಯೇ ನೋಡೋಣ.

ಮೊದಲು ಕ್ಲೈಮಿನಿಂದ ಸಿಗುವುದೆಷ್ಟು? 14,000ದಲ್ಲಿ ಬಂಪರಿಗೆ 5,000, ಪೇಂಟಿಂಗಿಗೆ 4,800, ಟಿಂಕರಿಂಗ್ ಮತ್ತು ಕೂಲಿಗೆ 4,200 ಎಂದುಕೊಳ್ಳಿ. ಬಂಪರ್ ಪ್ಲಾಸ್ಟಿಕ್. ಪ್ಲಾಸ್ಟಿಕ್ಕಿಗೆ ಸವಕಳಿ ಎಂದು ಅರ್ಧ ಕತ್ತರಿಸುತ್ತಾರೆ, 2,500 ಹೋಯಿತು. ಪೇಂಟಿಂಗ್ ಬಿಲ್ಲಿನಲ್ಲಿ ಕಾಲು ಭಾಗ ಬಣ್ಣದ ಬೆಲೆ ಎಂದು ಹಿಡಿದು, ಅದರಲ್ಲೂ ಅರ್ಧ ಕಳೆಯುತ್ತಾರೆ. ಅಲ್ಲಿ 600. ಇನ್ನು 1500 ಸಿಸಿವರೆಗಿನ ಕಾರಿಗೆ ಪ್ರತಿ ಕ್ಲೈಮಿನಲ್ಲೂ ಮೊದಲ 1,000 ರೂಪಾಯಿ ನಮ್ಮದೇ. ಅದಕ್ಕಿಂತ ದೊಡ್ಡ ಎಂಜಿನ್ನಾದರೆ 2,000. ಎಲ್ಲ ಕಳೆದು ನಿಮ್ಮ ಕೈಗೆ ಬರುವುದು 9,900. ಬಾಗಿಲನ್ನು ಬಡಿದು ಸರಿಮಾಡದೆ ಹೊಸದನ್ನೇ ಹಾಕಿದರೆ, ನಿಮ್ಮ ಕಾರಿನ ವಯಸ್ಸಿಗೆ ಆ ತಗಡಿನ ಬೆಲೆಯಲ್ಲಿ 35% ಕಡಿತ.

ಈಗ ಹೋಗುವುದೆಷ್ಟು? ಕ್ಲೈಮ್ ಮಾಡದ ವರ್ಷಗಳಿಗೆ ಸಿಗುವ ನೋ ಕ್ಲೈಮ್ ಬೋನಸ್ 20, 25, 35, 45 ಹೀಗೆ ಏರಿ ಐದನೇ ವರ್ಷಕ್ಕೆ 50% ಮುಟ್ಟುತ್ತದೆ. ಈಗ ನೀವಿರುವುದು 45ರ ಮೆಟ್ಟಿಲಲ್ಲಿ. ಮುಂದಿನ ತಿಂಗಳು 50 ಆಗಬೇಕು. ಒಂದು ಕ್ಲೈಮ್ ಪಾಸಾದರೆ ಸೊನ್ನೆಗೆ ಇಳಿಯುತ್ತೀರಿ. ಹಾವು ಏಣಿ ಆಟದಲ್ಲಿ 99ರ ಹಾವು ಕಚ್ಚಿದ ಹಾಗೆ!

ಈ ರಿಯಾಯಿತಿ ಇಡೀ ಪ್ರೀಮಿಯಂ ಮೇಲೆ ಅಲ್ಲ, ಓನ್ ಡ್ಯಾಮೇಜ್, ಅಂದರೆ ನಮ್ಮದೇ ಕಾರಿನ ಹಾನಿಗೆ ಕಟ್ಟುವ ಭಾಗದ ಮೇಲೆ ಮಾತ್ರ. ಬೇರೆಯವರಿಗೆ ಆಗುವ ಹಾನಿಗೆ ಕಟ್ಟುವ ಥರ್ಡ್ ಪಾರ್ಟಿ ಭಾಗಕ್ಕೆ ಇದು ಸಂಬಂಧವೇ ಇಲ್ಲ. ಬೋನಸ್ ಕಳೆಯುವ ಮೊದಲು ನಿಮ್ಮ ಓನ್ ಡ್ಯಾಮೇಜ್ ಪ್ರೀಮಿಯಂ 12,000 ಎಂದಿಟ್ಟುಕೊಳ್ಳಿ. ಬರುವ ರಿನ್ಯೂವಲಿನಲ್ಲೇ 6,000 ನಷ್ಟ. ಮರುವರ್ಷ 50%ರ ಬದಲು 20%, ಅಂದರೆ 3,600. ಆಮೇಲೆ 3,000, 1,800, 600. ಮತ್ತೆ 50ಕ್ಕೆ ಹತ್ತುವಷ್ಟರಲ್ಲಿ ಒಟ್ಟು 15,000. ಕಾರು ಹಳೆಯದಾದಂತೆ ಅದರ ಬೆಲೆ ಇಳಿದು ಈ ಮೊತ್ತ ಸ್ವಲ್ಪ ಕಡಿಮೆಯಾಗುತ್ತದೆ, ನಿಜ. ಆದರೂ 9,900ಕ್ಕೆ ಆಸೆಪಟ್ಟು ಅದಕ್ಕಿಂತ ಜಾಸ್ತಿ ಕಳೆದುಕೊಳ್ಳುವ ವ್ಯಾಪಾರ ಇದು. ಈ ಸಲ ಭಾವನ ಮಾತು ಕೇಳಿ. ನಿಮ್ಮ ಪಾಲಿಸಿಯಲ್ಲಿರುವ ನಿಜವಾದ ಅಂಕಿ ಹಾಕಿ ಇನ್ನೊಮ್ಮೆ ನೋಡಿಕೊಳ್ಳಿ, ಅಷ್ಟೇ.

ಜೀರೋ ಡೆಪ್ (ಸವಕಳಿ ಎಂದು ಕತ್ತರಿಸದ ಹೆಚ್ಚುವರಿ ರಕ್ಷಣೆ) ಅಥವಾ ಬೋನಸ್ ಕಾಪಾಡುವ ಆ್ಯಡ್-ಆನ್ ತೆಗೆದುಕೊಂಡಿದ್ದರೆ ಈ ಲೆಕ್ಕ ತಲೆಕೆಳಗಾಗಬಹುದು. ಫೋನ್ ಮಾಡುವ ಮೊದಲು ಪಾಲಿಸಿಯ ಹಾಳೆ ತೆಗೆದು ನೋಡಿ.

ವಾಪಸ್ ತೆಗೆದುಕೊಳ್ಳುವುದನ್ನು ಬಾಯಿಮಾತಿಗೆ ಬಿಡಬೇಡಿ. ‘ಆಯ್ತು ಸರ್, ಕ್ಲೋಸ್ ಮಾಡ್ತೀವಿ’ ಎಂದು ಕಾಲ್ ಸೆಂಟರಿನವರು ಹೇಳಿದ ಮೇಲೂ ತಿಂಗಳುಗಟ್ಟಲೆ ತೆರೆದೇ ಇದ್ದ ಕ್ಲೈಮುಗಳನ್ನು ನಾನು ಕಂಡಿದ್ದೇನೆ. ಪಾಲಿಸಿ ನಂಬರ್, ಕ್ಲೈಮ್ ನಂಬರ್, ಕಾರಿನ ನಂಬರ್ ಬರೆದು, ‘ರಿಪೇರಿ ಖರ್ಚು ನಾನೇ ಹಾಕಿಕೊಳ್ಳುತ್ತೇನೆ, ಈ ಕ್ಲೈಮ್ ಮುಂದುವರಿಸುವುದು ಬೇಡ’ ಎಂದು ಈಮೇಲ್ ಮಾಡಿ. ಸರ್ವೇಯರಿಗೂ ಗ್ಯಾರೇಜಿನವರಿಗೂ ಅದರ ಪ್ರತಿ ಹೋಗಲಿ. ಯಾವ ಹಣವನ್ನೂ ಕೊಡದೆ ಕ್ಲೈಮ್ ಮುಚ್ಚಿದ್ದೇವೆ ಎಂಬ ಉತ್ತರ ಬರುವವರೆಗೆ ಬಿಡಬೇಡಿ. ರಿನ್ಯೂವಲ್ ಹತ್ತಿರ ಇರುವ ನಿಮಗೆ ಇದು ಇನ್ನೂ ಮುಖ್ಯ. ಕ್ಲೈಮ್ ಬಾಕಿ ಇದ್ದರೆ ಹೊಸ ಪಾಲಿಸಿಯಲ್ಲಿ ಬೋನಸ್ ಸೊನ್ನೆ ಎಂದು ಬಂದುಬಿಡಬಹುದು. ಉತ್ತರವೇ ಬರದಿದ್ದರೆ ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐನ ‘ಬಿಮಾ ಭರೋಸಾ’ ಪೋರ್ಟಲಿನಲ್ಲಿ ದೂರು ಕೊಡಿ, ಸಹಾಯವಾಣಿ 155255. ಅದಕ್ಕೂ ಜಗ್ಗದಿದ್ದರೆ ಬೆಂಗಳೂರಿನಲ್ಲಿ ಇಂಥ ದೂರುಗಳನ್ನು ತೀರ್ಮಾನಿಸುವ ವಿಮಾ ಒಂಬುಡ್ಸ್‌ಮನ್ ಕಚೇರಿ ಇದೆ. ಅಲ್ಲಿಗೆ ಫೀಸೂ ಇಲ್ಲ, ವಕೀಲರೂ ಬೇಕಿಲ್ಲ.

ಗ್ಯಾರೇಜಿನವರು ಬಂಪರ್ ಬಿಚ್ಚಿಟ್ಟಿದ್ದರೆ ಅದರ ಕೂಲಿ ಕೇಳಬಹುದು. ಕೊಟ್ಟುಬಿಡಿ.

ಇನ್ನೊಂದು ವಿಷಯವನ್ನು ಜನ ಮರೆಯುತ್ತಾರೆ. ಸರ್ವೇಯರ್ ತೆಗೆದ ಫೋಟೊ ಕಂಪನಿಯ ದಾಖಲೆಯಲ್ಲಿ ಉಳಿದೇ ಇರುತ್ತದೆ. ರಿಪೇರಿ ಮಾಡಿಸದೆ ಓಡಾಡಿ, ನಾಳೆ ಅದೇ ಬಾಗಿಲಿಗೆ ಯಾರಾದರೂ ಗುದ್ದಿದರೆ ‘ಇದು ಹಳೇ ಪೆಟ್ಟು’ ಎಂದು ತಳ್ಳಿಹಾಕುತ್ತಾರೆ. ಬೇಗ ಮಾಡಿಸಿ, ಬಿಲ್ಲು ಮತ್ತು ಫೋಟೊ ಇಟ್ಟುಕೊಳ್ಳಿ.

ನಿಮ್ಮದು ಕಂಬಕ್ಕೆ ತಾಗಿದ್ದು, ಹಾಗಾಗಿ ಇಷ್ಟು ಸಲೀಸಾಗಿ ಹೇಳುತ್ತಿದ್ದೇನೆ. ಇದನ್ನು ಓದುತ್ತಿರುವ ಬೇರೆ ಯಾರಾದರೂ ಮನುಷ್ಯರಿಗೆ ಗುದ್ದಿದ್ದರೆ ಅಥವಾ ಇನ್ನೊಬ್ಬರ ಗಾಡಿಗೆ ಹಾನಿ ಮಾಡಿದ್ದರೆ, ಬೋನಸ್ ಲೆಕ್ಕ ಹಾಕುತ್ತಾ ಕೂರಬೇಡಿ. ಗಾಯಗೊಂಡವರು ಪರಿಹಾರ ಕೇಳುವುದು ಅವರ ಹಕ್ಕು. ನಿಮ್ಮ ಕಾರಿನ ಕ್ಲೈಮ್ ವಾಪಸ್ ತೆಗೆದರೆ ಅದು ನಿಲ್ಲುವುದಿಲ್ಲ. ಅಪಘಾತದ ವಿಷಯ ಕಂಪನಿಗೆ ಲಿಖಿತವಾಗಿ ತಿಳಿಸಿಯೇ ಇರಬೇಕು. ಇಲ್ಲದಿದ್ದರೆ ಮುಂದೆ ಕೋರ್ಟಿನಿಂದ ನೋಟಿಸು ಬಂದಾಗ ಒದ್ದಾಡುವವರು ನೀವೇ.